ದಿವಾಳಿ ಮನೆಗೆ ಎರವಲು ಕುರ್ಚಿ

ದಿವಾಳಿಯಾಗಲು ಸೋಪಕ್ಕನಿಗೆ ಹನ್ನೊಂದು ತಿಂಗಳು ಹಿಡಿಯಿತು. ದಿವಾಳಿಯಾಗಿದ್ದೇನೆ ಎಂದು ಸರ್ಕಾರವನ್ನು ನಂಬಿಸಲು ಹದಿನಾಲ್ಕು ತಿಂಗಳು ಕಳೆದರೂ ಸಾಲಲಿಲ್ಲ. ಕೈಯಲ್ಲಿ ಕಾಸಿಲ್ಲ ಎಂದು ಬರೆದುಕೊಡಲು ಅರ್ಜಿ ಬರೆಯುವವನಿಗೆ ಕಾಸು, ಸ್ಟಾಂಪಿಗೆ ಕಾಸು, ನಾಲ್ಕು ಫೋಟೋಗೆ ಕಾಸು, ಆ ಫೋಟೋ ಆಗುವುದಿಲ್ಲ ಎಂದು ವಾಪಸು ಕೊಟ್ಟಾಗ ಮತ್ತೆ ನಾಲ್ಕಕ್ಕೆ ಕಾಸು. ಮೊದಲ ಫೋಟೋದಲ್ಲಿ ಅವಳ ಮುಖದ ಮೇಲೆ ನಗು ಇತ್ತಂತೆ. ಫೋಟೋದವನು ನಗಿ ಅಂದಿದ್ದ, ನಕ್ಕಿದ್ದಳು. ಕೌಂಟರಿನ ಗುಮಾಸ್ತ ಅದನ್ನು ಬೆಳಕಿಗೆ ಹಿಡಿದು ನೋಡಿ, "ದಿವಾಳಿಯಾದವಳು ಹೀಗೆ ನಗ್ತಾಳಾ? ಬೇರೆ ತೆಗೆಸ್ಕೊಂಡು ಬಾ" ಎಂದ. ಎರಡನೇ ಸಲ ಅವಳು ಹಲ್ಲು ಕಚ್ಚಿ ಹಿಡಿದು ತೆಗೆಸಿಕೊಂಡಳು. ಅದು ಪಾಸಾಯಿತು.

ಸೋಪಕ್ಕ ಎನ್ನುವುದು ಓಣಿಯವರು ಇಟ್ಟ ಹೆಸರು. ಆಸ್ಪತ್ರೆಯ ಹಾಸಿಗೆಗಳ ಮೇಲ್ಹಾಸು ಒಗೆಯುವುದು ಅವಳ ಕಸುಬು. ದಿನಕ್ಕೆ ಇನ್ನೂರು, ಇನ್ನೂರೈವತ್ತು. ರಕ್ತ, ಕೀವು, ವಾಂತಿ, ಹೆರಿಗೆಯ ನೀರು, ಸತ್ತವರು ಕೊನೆಗೆ ಬಿಟ್ಟುಹೋದದ್ದು, ಎಲ್ಲವೂ ಗಂಟು ಕಟ್ಟಿಸಿಕೊಂಡು ಅವಳ ಮನೆಗೆ ಬರುತ್ತದೆ, ಬೆಳ್ಳಗಾಗಿ ವಾಪಸು ಹೋಗುತ್ತದೆ. ಬ್ಲೀಚಿಂಗ್ ಪುಡಿಗೆ ಅವಳ ಬೆರಳ ತುದಿಯ ಗೆರೆಗಳೇ ಅಳಿಸಿಹೋಗಿವೆ. ಅರ್ಜಿ ಕೊಟ್ಟ ದಿನ ಹೆಬ್ಬೆಟ್ಟು ಓದುವ ಯಂತ್ರ ಮೂರು ಸಲ ಕೆಂಪು ದೀಪ ತೋರಿಸಿ, ಇಂಥ ಮನುಷ್ಯರು ಯಾರೂ ಇಲ್ಲ ಎಂದಿತು. "ಆ ಕಚೇರೀಲಿ ನಿಜ ಹೇಳಿದ್ದು ಅದೊಂದೇ" ಎಂದಳು ಅವಳ ಅತ್ತೆ.

ಇಷ್ಟು ಒಗೆದೂ ದಿವಾಳಿ ಹೇಗಾದಳು ಎಂದು ಕೇಳುವವರಿದ್ದಾರೆ. ಒಗೆದದ್ದರಿಂದಲೇ ಆದಳು. ಆಸ್ಪತ್ರೆಯವರು ಹೊಸ ಕಟ್ಟಡ ಕಟ್ಟಿಸಿದಾಗ, "ಕೈಯಲ್ಲಿ ಒಗೆದದ್ದು ನಡೆಯಲ್ಲ, ಯಂತ್ರ ಹಾಕು, ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀವಿ" ಎಂದರು. ಅವಳು ಒಂದು ಸಾಲದ ಕಂಪನಿಯಿಂದ ಸಾಲ ಎತ್ತಿ ಎರಡು ದೊಡ್ಡ ಯಂತ್ರ ಹಾಕಿಸಿದಳು. ಯಂತ್ರ ಬಂದ ತಿಂಗಳಿಂದಲೇ ಆಸ್ಪತ್ರೆಯ ಬಿಲ್ಲು ನಿಂತಿತು. ಕೇಳಿದರೆ "ಫೈಲು ಮೇಲಿದೆ" ಎಂದರು. ಮೇಲೆ ಹೋದ ಫೈಲಿಗೆ ಕೆಳಗಿಳಿಯಲು ಮೆಟ್ಟಿಲೇ ಸಿಗಲಿಲ್ಲ. ಕಂತು ತಪ್ಪಿತು. ಕಂಪನಿಯವರು ಬಂದು ಯಂತ್ರ ಎರಡನ್ನೂ ಹೊತ್ತುಕೊಂಡು ಹೋದರು, ಸಾಲವನ್ನು ಮಾತ್ರ ಜೋಪಾನವಾಗಿ ಅವಳ ಹತ್ತಿರವೇ ಬಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಕೊಡಬೇಕಾದ ಆಸ್ಪತ್ರೆ ಮೂರು ಮಹಡಿ ಎತ್ತರ ನಿಂತಿದೆ, ಕೊಡಲಾರದ ಸೋಪಕ್ಕ ದಿವಾಳಿ ಕಚೇರಿಯ ಸಾಲಿನಲ್ಲಿ ನಿಂತಿದ್ದಾಳೆ. ಕೆಲಸ ಬಿಟ್ಟರೆ ಹಳೇ ಬಿಲ್ಲೂ ಮುಳುಗುತ್ತದೆ ಎಂದು ಆಸ್ಪತ್ರೆಯ ಮ್ಯಾನೇಜರು ಹೆದರಿಸಿದ್ದರಿಂದ, ತೊಟ್ಟಿಯಲ್ಲಿ ಕಾಲಿನಿಂದ ತುಳಿದು ಅವಳು ಇವತ್ತಿಗೂ ಅವರ ಬಟ್ಟೆ ಒಗೆಯುತ್ತಿದ್ದಾಳೆ. ಈಗ ಕೈಕಾಲಲ್ಲಿ ಒಗೆದದ್ದೂ ನಡೆಯುತ್ತದೆ, ಪುಕ್ಕಟೆಯಲ್ಲವೇ. ಹೊಟ್ಟೆ ತುಂಬುವುದು ಪಕ್ಕದ ಬೀದಿಯ ಲಾಡ್ಜಿನ ನಲವತ್ತು ಹೊದಿಕೆಗಳಿಂದ.

ಅವಳ ಹತ್ತಿರ ಉಳಿದದ್ದು ಒಂದು ಹಿಂಡುವ ಡ್ರಮ್ಮು. ಸತ್ತ ಗಂಡ ಗುಜರಿಯಿಂದ ತಂದು, ಮೋಟಾರು ಕೂಡಿಸಿ, ನೆಲಕ್ಕೆ ಬೋಲ್ಟು ಹೊಡೆದು ನಿಲ್ಲಿಸಿದ್ದು. ಒದ್ದೆ ಬಟ್ಟೆ ತುರುಕಿ ಗುಂಡಿ ಒತ್ತಿದರೆ ಗಿರ್ರನೆ ತಿರುಗಿ ನೀರನ್ನೆಲ್ಲ ಉಗಿಯುತ್ತದೆ. ಅದಿಲ್ಲದಿದ್ದರೆ ಅವಳಿಗೆ ಕಸುಬಿಲ್ಲ, ಏಕೆಂದರೆ ಅವಳ ಬಲಗೈಯ ಮಣಿಕಟ್ಟು ಹೋಗಿದೆ. ಹೋದ ವರ್ಷ ಡ್ರಮ್ಮಿಗೆ ಹಿಡಿಸದ ಒಂದು ದಪ್ಪ ಕಂಬಳಿ ಹಿಂಡುವಾಗ ಒಳಗೆ ಏನೋ ಟಕ್ಕೆಂದಿತ್ತು. ಅದೇ ಆಸ್ಪತ್ರೆಯ ಡಾಕ್ಟರು ನೋಡಿ, "ಒಳಗೆ ಹರಿದಿದೆ. ಇನ್ಮೇಲೆ ಹಿಂಡೋ ಕೆಲಸ ಮಾಡ್ಬೇಡ" ಎಂದರು. ಫೀಸನ್ನು ಅಲ್ಲೇ, ಆಗಲೇ, ನಗದಾಗಿ ತೆಗೆದುಕೊಂಡರು. ಆ ಫೈಲು ಮೇಲೆ ಹೋಗಲಿಲ್ಲ.

ಅರ್ಜಿ ಬರೆಯುವವನು ಕಾನೂನನ್ನು ಬಿಡಿಸಿ ಹೇಳಿದ್ದ. "ಅರ್ಜಿ ಪಾಸಾದ್ರೆ ಸಾಲ ಹೋಯ್ತು. ಅರ್ಜಿ ಹಾಕಿದ ದಿನದಿಂದ್ಲೇ ವಸೂಲಿಯವರು ನಿನ್ನ ಹೊಸ್ತಿಲು ತುಳಿಯೋ ಹಾಗಿಲ್ಲ. ಕಸುಬಿನ ಉಪಕರಣಾನೂ ಯಾರೂ ಮುಟ್ಟೋ ಹಾಗಿಲ್ಲ, ಡ್ರಮ್ಮು ನಿಂದೇ. ಆದ್ರೆ ಆಸ್ತಿ ಮುಚ್ಚಿಟ್ಟಿದ್ದಾಳೆ ಅಂತ ಬಂತೋ, ಅರ್ಜಿ ಬಿತ್ತು. ಅವತ್ತೇ ಡ್ರಮ್ಮು ಹೊತ್ಕೊಂಡು ಹೋಗ್ತಾರೆ."

"ಮುಚ್ಚಿಡೋಕೆ ನನ್ನ ಹತ್ರ ಏನಣ್ಣ ಇದೆ?"

"ಅದನ್ನ ನೋಡೋಕೇ ಅಮೀನರು ಮನೆಗೆ ಬರ್ತಾರೆ."

ಅಮೀನರು ಎಂದರೆ ಕೋರ್ಟಿನ ಪರವಾಗಿ ಬಂದು ಮನೆಯ ಸಾಮಾನು ಪಟ್ಟಿ ಮಾಡುವವರು. ಸೋಮವಾರ ಬರುತ್ತಾರೆ ಎಂದು ನೋಟೀಸು ಬಂತು. ನೋಟೀಸು ನೋಡಿ ಸೋಪಕ್ಕ ಹೆದರಲಿಲ್ಲ. ಖಾಲಿ ಮನೆಗೆ ಯಾರು ಬಂದರೇನು? ಹೆದರಿದವಳು ಅತ್ತೆ. ಮುದುಕಿಗೆ ಎಂಬತ್ತು ದಾಟಿದೆ, ಹಲ್ಲು ಒಂದೂ ಇಲ್ಲ, ನಾಲಿಗೆ ಮಾತ್ರ ಪೂರ್ತಿ ಇದೆ.

"ಕೋರ್ಟಿನವರು ಮನೆಗೆ ಬರ್ತಾರೆ ಅಂದ್ರೆ ಹುಡುಗಾಟ ಅಲ್ಲ ಕಣೇ. ಕೂರೋಕೆ ಏನಿದೆ ನಿನ್ನ ಮನೇಲಿ?"

"ಬಕೆಟ್ ಇದೆಯಲ್ಲ ಅತ್ತೆ. ಬೋರಲು ಹಾಕಿದ್ರೆ ಆಯ್ತು."

"ಮನೆಗೆ ಬಂದವರನ್ನ ಬಕೆಟ್ ಮೇಲೆ ಕೂರಿಸ್ತೀಯಾ? ನಿನ್ನ ಮಾವ ಇದ್ದಿದ್ರೆ ನಾಚಿಕೆಗೆ ಇನ್ನೊಂದ್ಸಲ ಸಾಯೋರು. ಸಾಲ ಆಗಿದ್ದು ಆಯ್ತು, ಮಾನಾನೂ ಹರಾಜು ಹಾಕ್ಬೇಕಾ?"

ಮಾತು ಓಣಿಗೆ ಬಿತ್ತು. ಓಣಿಯವರಿಗೂ ಅದು ಸರಿ ಅನ್ನಿಸಿತು. ನಮ್ಮ ಓಣಿಗೆ ಕೋರ್ಟಿನವರು ಬರುತ್ತಾರೆಂದರೆ ಸಾಮಾನ್ಯವೇ? ಪಕ್ಕದ ಮನೆಯ ಬಡಗಿ ಗಿರಾಕಿಗೆಂದು ಮಾಡಿಟ್ಟಿದ್ದ ಎರಡು ಹೊಸ ಕುರ್ಚಿ ತಂದಿಟ್ಟ. ಇನ್ನೂ ಪಾಲಿಷಿನ ವಾಸನೆ ಹೋಗಿರಲಿಲ್ಲ. ರಾತ್ರಿ ಪಾಳಿ ಕಾದು ಹಗಲು ಮಲಗುವ ಕಾವಲಿನಣ್ಣ ತನ್ನ ಟೇಬಲ್ ಫ್ಯಾನು ತಂದ. "ಒಂದು ದಿನ ಬೆವರಿದ್ರೆ ನಾನೇನು ಕರಗಿ ಹೋಗ್ತೀನಾ ಅಕ್ಕಾ?" ಎಂದ. ಎದುರುಮನೆಯ ಹೊಲಿಗೆಯಮ್ಮ ಪೆಟ್ಟಿಗೆಯಿಂದ ಆರು ಗಾಜಿನ ಲೋಟ ತೆಗೆದು, ಒರೆಸಿ, ತಟ್ಟೆಯಲ್ಲಿಟ್ಟು ತಂದಳು. ಅವು ಅವಳ ಮದುವೆಗೆ ಬಂದವು, ಇಲ್ಲಿಯವರೆಗೆ ಗಂಡನಿಗೂ ಅದರಲ್ಲಿ ನೀರು ಕೊಟ್ಟಿರಲಿಲ್ಲ. ಸೋಮವಾರ ಬೆಳಿಗ್ಗೆ ಹೊತ್ತಿಗೆ ದಿವಾಳಿಯಾದವಳ ಮನೆ ಮದುವೆ ಮನೆಯ ಹಾಗಿತ್ತು. ಸೋಪಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಅವಳಿಗೆ ಖುಷಿಯಾಯಿತು. ನಿಜವಾಗಿಯೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಬೇಕು.

ಅಮೀನರು ಹನ್ನೊಂದು ಗಂಟೆಗೆ ಬಂದರು. ಹೊಸ್ತಿಲು ದಾಟುವ ಮೊದಲೇ ಮೂಗಿಗೆ ಕರವಸ್ತ್ರ ಬಂತು. ಮೂಲೆಯಲ್ಲಿ ಆಸ್ಪತ್ರೆಯ ಗಂಟುಗಳು ಸಾಲಾಗಿ ಬಿದ್ದಿದ್ದವು, ಪ್ರತಿ ಮೇಲ್ಹಾಸಿನ ತುದಿಗೂ ಆಸ್ಪತ್ರೆಯ ನೀಲಿ ಮುದ್ರೆ. ಅತ್ತ ಒಮ್ಮೆ ನೋಡಿ ಮುಖ ತಿರುಗಿಸಿ ಅಮೀನರು ಕುರ್ಚಿಯಲ್ಲಿ ಕೂತರು. ಕೈಯಿಟ್ಟು ಒಮ್ಮೆ ಸವರಿದರು. ಫ್ಯಾನನ್ನು ತಮ್ಮ ಕಡೆ ತಿರುಗಿಸಿಕೊಂಡರು. ಅತ್ತೆ ಗಾಜಿನ ಲೋಟದಲ್ಲಿ ನೀರು ತಂದಳು. ಅವರು ಲೋಟವನ್ನು ನೋಡಿದರು, ನೀರನ್ನು ನೋಡಲಿಲ್ಲ. ಚೀಲದಿಂದ ತಮ್ಮದೇ ಬಾಟಲಿ ತೆಗೆದು ಕುಡಿದರು. ಆಮೇಲೆ ಬರೆಯತೊಡಗಿದರು. ಅರ್ಧ ಗಂಟೆ ಬರೆದರು. ಇಷ್ಟು ಖಾಲಿ ಮನೆಯಲ್ಲಿ ಅಷ್ಟು ಹೊತ್ತು ಏನು ಬರೆಯುತ್ತಾರೆ ಎಂದು ಸೋಪಕ್ಕನಿಗೆ ಅರ್ಥವಾಗಲಿಲ್ಲ. ಕೇಳುವುದು ಹೇಗೆ?

"ಇಬ್ಬರು ಸಾಕ್ಷಿ ಬೇಕು. ಅಕ್ಕಪಕ್ಕದವರನ್ನ ಕರಿ."

ಬಡಗಿಯೂ ಕಾವಲಿನಣ್ಣನೂ ಬಾಗಿಲಲ್ಲೇ ಇದ್ದರು. ಕೋರ್ಟಿನ ಕಾಗದಕ್ಕೆ ಸಾಕ್ಷಿ! ಬಡಗಿ ಅಂಗಿಯ ಮೇಲಿನ ಮರದ ಪುಡಿ ಕೊಡವಿಕೊಂಡು ಬಂದ. ಜೀವಮಾನದಲ್ಲಿ ಯಾರೂ ಅವರನ್ನು ಯಾವುದಕ್ಕೂ ಸಾಕ್ಷಿ ಕರೆದಿರಲಿಲ್ಲ. ಅಮೀನರು ಬೆರಳಿಟ್ಟ ಕಡೆ ಇಬ್ಬರೂ ಸಹಿ ಹಾಕಿದರು. ಬಡಗಿಯಂತೂ ಸಹಿಯ ಕೆಳಗೆ ಒಂದು ಗೆರೆ ಎಳೆದು ಎರಡು ಚುಕ್ಕಿಯನ್ನೂ ಇಟ್ಟ. ಅಮೀನರು ಚೀಲದಿಂದ ಅಂಟಿನ ಡಬ್ಬಿ ತೆಗೆದು, ಮುದ್ರೆಯ ಚೀಟಿಗಳನ್ನು ಒಂದೊಂದಕ್ಕೂ ಅಂಟಿಸುತ್ತ ಹೋದರು. ಕುರ್ಚಿಗೊಂದು, ಇನ್ನೊಂದು ಕುರ್ಚಿಗೊಂದು, ಫ್ಯಾನಿಗೊಂದು, ಲೋಟದ ತಟ್ಟೆಗೊಂದು. ಕೊನೆಗೆ ಡ್ರಮ್ಮಿನ ಮುಚ್ಚಳಕ್ಕೆ ಅಡ್ಡಲಾಗಿ ಒಂದು.

ಆಗ ಕಾವಲಿನಣ್ಣ ಅಮೀನರು ಕೊಟ್ಟ ಪಟ್ಟಿಯ ನಕಲನ್ನು ಓದಿದ. ನಿದ್ದೆಯಿಲ್ಲದ ಕಣ್ಣು, ನಿಧಾನಕ್ಕೆ ಓದಿದ. "ಅರ್ಜಿದಾರಳ ಒಡೆತನದ ಕುರ್ಚಿ, ಹೊಸವು, ಎರಡು. ಅರ್ಜಿದಾರಳ ಒಡೆತನದ ಫ್ಯಾನು..." ಅಲ್ಲಿಗೆ ನಿಲ್ಲಿಸಿ ತಲೆ ಎತ್ತಿದ. "ಸಾರ್, ಇದು ನಂದು."

"ಸಹಿ ಯಾರದ್ದು?"

"ಅದೂ ನಂದೇ ಸಾರ್."

"ಇದೆಲ್ಲ ಅವಳದೇ ಅಂತ ನೀನೇ ಸಾಕ್ಷಿ ಹಾಕಿದ್ದೀಯ. ಈಗ ನಂದು ಅಂದ್ರೆ ಸುಳ್ಳು ಸಾಕ್ಷಿ. ಸುಳ್ಳು ಸಾಕ್ಷಿಗೆ ಎಷ್ಟು ವರ್ಷ ಅಂತ ಗೊತ್ತಾ?"

ಸೋಪಕ್ಕ ಅಡ್ಡ ಬಂದಳು. "ಸಾಹೇಬ್ರೇ, ನೀವು ಬರ್ತೀರಿ ಅಂತ ಎರವಲು ತಂದಿದ್ದು. ನಿಮಗೆ ಕೂರೋಕೆ ಅಂತ."

"ಮನೆಯೊಳಗೆ ಇರೋದೆಲ್ಲ ಮನೆಯವರದ್ದೇ. ಕಾನೂನು." ಅಮೀನರು ಎದ್ದರು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಇಂಥವರು ದಿವಾಳಿ ಅರ್ಜಿ ಹಾಕ್ತಾರೆ."

"ಡ್ರಮ್ಮಿಗೆ ಯಾಕೆ ಅಂಟಿಸಿದ್ರಿ? ಅದು ಕಸುಬಿನ ಉಪಕರಣ."

"ಉಪಕರಣ ಅಂದ್ರೆ ಕೈಯಲ್ಲಿ ಹಿಡಿಯೋದು. ಇದನ್ನ ಕೈಯಲ್ಲಿ ಹಿಡೀತೀಯಾ? ಚೀಟಿ ಹರಿದ್ರೆ ಜೈಲು."

ಅವರು ಹೋದ ಮೇಲೆ ಅತ್ತೆ ಮಾತಾಡಲಿಲ್ಲ. ಮೂರು ದಿನ ಮಾತಾಡಲಿಲ್ಲ. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಅಪಶಕುನ ಇನ್ನೊಂದಿರಲಿಲ್ಲ.

ಚೀಟಿ ಅಂಟಿದ ವಸ್ತುಗಳನ್ನು ಮನೆಯಿಂದ ಹೊರಗೆ ಒಯ್ಯುವಂತಿಲ್ಲ. ಹಾಗಾಗಿ ವಸ್ತುಗಳ ಒಡೆಯರೇ ಒಳಗೆ ಬರತೊಡಗಿದರು. ಬೆಳಿಗ್ಗೆ ಪಾಳಿ ಮುಗಿಸಿ ಕಾವಲಿನಣ್ಣ ನೇರ ಸೋಪಕ್ಕನ ಮನೆಗೆ ಬಂದು ತನ್ನ ಫ್ಯಾನಿನ ಮುಂದೆ ಚಾಪೆ ಹಾಸಿ ಗೊರಕೆ ಹೊಡೆಯುತ್ತಿದ್ದ. ಬಡಗಿ ಸಂಜೆ ಬಂದು ಕುರ್ಚಿಯನ್ನು ಮುಟ್ಟಿ ಮುಟ್ಟಿ ನೋಡಿ ನಿಟ್ಟುಸಿರು ಬಿಡುತ್ತಿದ್ದ. ಗಿರಾಕಿ ಮುಂಗಡ ವಾಪಸು ಕೇಳುತ್ತಿದ್ದ, ಮುಂಗಡ ಮರಕ್ಕೆ ಹೋಗಿತ್ತು. ಹೊಲಿಗೆಯಮ್ಮ ದಿನಕ್ಕೆರಡು ಸಲ ಬಂದು ಲೋಟ ಎಣಿಸಿ ಹೋಗುತ್ತಿದ್ದಳು. ಯಾರೂ ಸೋಪಕ್ಕನನ್ನು ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಡ್ರಮ್ಮು ಮುಚ್ಚಿದ್ದರಿಂದ ಹಿಂಡುವುದು ಕೈಗೆ ಬಂತು. ಒದ್ದೆ ಮೇಲ್ಹಾಸು ಒಂದು ಹಸುಗೂಸಿಗಿಂತ ಭಾರ. ಒಂದು ತುದಿ ಸೋಪಕ್ಕ, ಇನ್ನೊಂದು ತುದಿ ಬಡಗಿ, ಕೆಲವೊಮ್ಮೆ ಹೊಲಿಗೆಯಮ್ಮ. ತಿರುಚಬೇಕು, ಎಳೆಯಬೇಕು, ಮತ್ತೆ ತಿರುಚಬೇಕು. ಸೋಪಕ್ಕ ಎಡಗೈಯಲ್ಲಿ ಹಿಡಿದು ಬಲಗೈಗೆ ಮೊಣಕೈವರೆಗೆ ಸುತ್ತಿಕೊಂಡು ತಿರುಚಿದಳು. ಹತ್ತನೆಯದಕ್ಕೆ ಮಣಿಕಟ್ಟು ಊದಿತು. ಇಪ್ಪತ್ತನೆಯದಕ್ಕೆ ಬೆರಳು ಮಡಚಲಾಗಲಿಲ್ಲ. ಅನ್ನ ಕಲಸಲು ಎಡಗೈ, ತಲೆ ಬಾಚಲು ಅತ್ತೆ. ಲಾಡ್ಜಿನವರು ಹಸಿ ಬಟ್ಟೆ ತಂದಳೆಂದು ಎರಡು ದಿನದ ಕೂಲಿ ಹಿಡಿದರು. ನಾಲ್ಕನೆಯ ದಿನ ಸಂಜೆ ಅವಳು ತೊಟ್ಟಿಯ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಅತ್ತಳು. ಡ್ರಮ್ಮು ಹೋದರೆ ತಾನೂ ಹೋದೆ ಎಂದು ಅವಳಿಗೆ ಆ ಹೊತ್ತು ಸ್ಪಷ್ಟವಾಗಿ ಕಂಡಿತು.

ಮರುದಿನ ನಮಸ್ಕಾರದವನು ಬಂದ. ಅವನು ಸಾಲದ ಕಂಪನಿಯ ವಸೂಲಿಯವನು. ಹೆಸರು ಬೇರೆ ಇದ್ದೀತು. ಯಾವಾಗ ಬಂದರೂ ಎರಡೂ ಕೈ ಜೋಡಿಸಿ "ನಮಸ್ಕಾರಮ್ಮಾ, ಊಟ ಆಯ್ತಾ?" ಎಂದು ಶುರುಮಾಡಿ, ಐದು ನಿಮಿಷದಲ್ಲಿ ಸತ್ತ ಗಂಡನವರೆಗೂ ಬೈಗುಳ ಮುಟ್ಟಿಸಿ, ಮತ್ತೆ ನಮಸ್ಕಾರ ಹೇಳಿ ಹೋಗುವಂಥವನು. ಅರ್ಜಿ ಹಾಕಿದ ಮೇಲೆ ಅವನು ಬರಬಾರದೆಂದು ಕಾನೂನಿದೆ. ಅವನಿಗೂ ಗೊತ್ತಿತ್ತು, ಅದಕ್ಕೇ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದ. ಕೈಯಲ್ಲಿ ಅಮೀನರ ಪಟ್ಟಿಯ ನಕಲು ಇತ್ತು. ಹಿಂದೊಮ್ಮೆ ಕಚೇರಿಯಿಂದ ಒಂದು ನಕಲು ತೆಗೆಯಲು ಸೋಪಕ್ಕನಿಗೆ ಹದಿನೇಳು ದಿನ ಬೇಕಾಗಿತ್ತು, ಅವನಿಗೆ ಒಂದು ಟೀ ಸಾಕಾಗಿತ್ತು.

"ನಮಸ್ಕಾರಮ್ಮಾ. ಒಳ್ಳೇ ಕುರ್ಚಿ ಇಟ್ಟಿದ್ದೀರಿ," ಎಂದು ಒಂದರಲ್ಲಿ ಕೂತ. "ನಿಮ್ಮ ಒಳ್ಳೇದಕ್ಕೇ ಒಂದು ಮಾತು ಹೇಳ್ತೀನಿ. ಬರೋ ಗುರುವಾರ ವಿಚಾರಣೆ. ಪಟ್ಟೀಲಿರೋದು ನಿಂದೇನಾ ಅಂತ ಸಾಹೇಬರು ಕೇಳ್ತಾರೆ. ಹೌದು ಅನ್ನಿ. ನಾವು ಕುರ್ಚಿ, ಫ್ಯಾನು, ಲೋಟ ತಗೊಂಡು ಹೋಗ್ತೀವಿ. ನಿಮ್ಮ ಡ್ರಮ್ಮು ನಮಗೆ ಬೇಡ ಅಂತ ಬರ್ಕೊಡ್ತೀವಿ. ಆ ಹಳೇದು ಗುಜರಿಗೂ ಬೇಡ."

"ಅದು ನನ್ನದಲ್ಲವಲ್ಲ."

"ಅದಕ್ಕೇ ಹೇಳ್ತಿರೋದು. ನಿಮ್ಮದಲ್ಲ ತಾನೇ? ನಿಮಗೇನು ನಷ್ಟ?"

ಸೋಪಕ್ಕ ಪಕ್ಕಕ್ಕೆ ನೋಡಿದಳು. ಚಾಪೆಯ ಮೇಲೆ ಕಾವಲಿನಣ್ಣ ಗೋಡೆಗೆ ಮುಖ ಮಾಡಿ ಮಲಗಿದ್ದ. ಗೊರಕೆ ನಿಂತಿತ್ತು.

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಅಮೀನರನ್ನ ಸುಳ್ಳುಗಾರ ಅಂದ ಹಾಗಾಯ್ತು. ನಿನ್ನ ಅರ್ಜಿ ಕಸದಬುಟ್ಟಿಗೆ. ಸಾಯಂಕಾಲ ನಾನೇ ಬಂದು ಬೋಲ್ಟು ಬಿಚ್ಚಿಸ್ತೀನಿ." ನೀವು ಹೋಗಿ ನೀನು ಬಂದಿತ್ತು. ಅವನು ಎದ್ದು ಕೈ ಜೋಡಿಸಿದ. "ನಮಸ್ಕಾರ."

ಅವಳಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು. ಆಯಿತು. ರಾತ್ರಿಯೆಲ್ಲ ಹೌದು ಎನ್ನುವ ಒಂದು ಮಾತನ್ನು ಬಾಯಲ್ಲಿಟ್ಟುಕೊಂಡು ಹೊರಳಾಡಿದಳು. ಕುರ್ಚಿಯ ಬೆಲೆ ದುಡಿದು ಬಡಗಿಗೆ ಕೊಟ್ಟರಾಯಿತು, ಫ್ಯಾನು ಇನ್ನೊಂದು ಬರುತ್ತದೆ, ಕೈ ಇನ್ನೊಂದು ಬರುತ್ತದೆಯೇ? ಬೆಳಿಗ್ಗೆ ಎದ್ದಾಗ ಅತ್ತೆ ಗೋಡೆಗೊರಗಿ ಕೂತಿದ್ದಳು.

"ತಪ್ಪು ನಂದು ಕಣೇ," ಎಂದಳು ಮುದುಕಿ. "ಹೌದು ಅಂದ್ಬಿಡು. ಶಾಪ ಬಂದ್ರೆ ನನಗೆ ಬರಲಿ. ನಾನು ಎಷ್ಟು ದಿನ ಇರ್ತೀನಿ?"

"ನೀವು ಎಲ್ಲರನ್ನೂ ಸಾಗಹಾಕಿ ಆಮೇಲೆ ಹೋಗೋದು ಅತ್ತೆ. ಸುಮ್ನಿರಿ," ಎಂದಳು ಸೋಪಕ್ಕ. ಆದರೆ ಏನು ಹೇಳುತ್ತೇನೆ ಎಂಬುದನ್ನು ಹೇಳಲಿಲ್ಲ.

ಗುರುವಾರ ಬೆಳಿಗ್ಗೆ ಅವಳು ತೊಟ್ಟಿಯಿಂದ ಆಸ್ಪತ್ರೆಯ ಎರಡು ಮೇಲ್ಹಾಸು ಎತ್ತಿ, ಹಿಂಡದೆ ಹಾಗೇ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದಳು. ಕಾವಲಿನಣ್ಣ ಜೊತೆಗೆ ಹೊರಟ. ಚೀಲ ಅವನೇ ಹೊತ್ತ. "ಇದ್ಯಾಕಕ್ಕಾ?" ಎಂದು ಕೇಳಿದ. "ಸಾಕ್ಷಿ" ಎಂದಳು. "ಈ ಸಾಕ್ಷಿ ಸಹಿ ಹಾಕಲ್ಲ."

ಹತ್ತಕ್ಕೆ ಬರಹೇಳಿದ ಕಚೇರಿ ಎರಡೂವರೆಗೆ ಹೆಸರು ಕೂಗಿತು. ಅಲ್ಲಿಯವರೆಗೆ ನಿಂತಿದ್ದಳು, ಬೆಂಚು ವಕೀಲರಿಗೆ. ಒಳಗೆ ಉದ್ದದ ಮೇಜು, ಮೇಜಿನ ತುಂಬ ಫೈಲು, ಫೈಲುಗಳ ಹಿಂದೆ ಅರ್ಜಿ ತೀರ್ಮಾನಿಸುವ ದಿವಾಳಿ ಸಾಹೇಬರು. ಒಂದು ಕಡೆ ಅಮೀನರು, ಇನ್ನೊಂದು ಕಡೆ ಬಿಳಿ ಅಂಗಿಯ ನಮಸ್ಕಾರದವನು. ಅವಳು ಮುಂದೆ ಬರುತ್ತಿದ್ದಂತೆ ಸಾಹೇಬರು ಕೈ ಎತ್ತಿದರು.

"ಅಲ್ಲೇ ನಿಲ್ಲು. ವಾಸನೆ."

"ಬ್ಲೀಚಿಂಗ್ ಪುಡಿ ಸಾಹೇಬ್ರೇ. ಅದು ಶುದ್ಧದ ವಾಸನೆ."

"ಮಾತು ಕಮ್ಮಿ. ಈ ಪಟ್ಟೀಲಿರೋ ಕುರ್ಚಿ, ಫ್ಯಾನು, ಲೋಟ ನಿಂದೇ ತಾನೇ?"

ನಮಸ್ಕಾರದವನು ಅವಳನ್ನು ನೋಡಿ ತಲೆಯಾಡಿಸಿದ, ಮಗುವಿಗೆ ಉತ್ತರ ಹೇಳಿಕೊಡುವ ಮೇಷ್ಟರ ಹಾಗೆ. ಸೋಪಕ್ಕ ಹಿಂದೆ ತಿರುಗಿ ನೋಡಿದಳು. ಕಾವಲಿನಣ್ಣ ಚೀಲ ತಬ್ಬಿಕೊಂಡು ನಿಂತಿದ್ದ, ನೀರು ಸೋರಿ ಅವನ ಪ್ಯಾಂಟು ತೊಯ್ದಿತ್ತು, ಅವನು ನೆಲ ನೋಡುತ್ತಿದ್ದ. ಹೌದು ಅಂದರೂ ಅವನು ಏನೂ ಅನ್ನುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಅದೇ ಅವಳಿಗೆ ತಡೆಯಲಾಗಲಿಲ್ಲ.

"ಅಲ್ಲ," ಎಂದಳು. "ಒಂದೂ ನಂದಲ್ಲ."

"ಅಮೀನರು ಸುಳ್ಳು ಬರೆದಿದ್ದಾರಾ?"

"ಮನೆಯೊಳಗೆ ಇರೋದೆಲ್ಲ ಮನೆಯವರದ್ದೇ ಅಂತ ಬರೆದಿದ್ದಾರೆ. ಹಾಗಿದ್ರೆ ಪಟ್ಟಿ ಪೂರ್ತಿ ಆಗಿಲ್ಲ ಸಾಹೇಬ್ರೇ. ನನ್ನ ಮನೇಲಿ ಅವತ್ತು ಇನ್ನೂರ ನಲವತ್ತು ಮೇಲ್ಹಾಸು ಇದ್ವು. ಬರೆದಿಲ್ಲ. ಅದನ್ನೂ ಬರೀರಿ, ಮಾರಿ, ನನ್ನ ಸಾಲ ತೀರಿಸ್ಕೊಳ್ಳಿ."

ಕಾವಲಿನಣ್ಣನಿಂದ ಚೀಲ ತೆಗೆದುಕೊಂಡು ಬಂದು, ಎಡಗೈಯಿಂದ ಒಂದು ಮೇಲ್ಹಾಸನ್ನು ಎಳೆದು, ಮೇಜಿನ ಮೇಲೆ ಹಾಕಿದಳು. ಫಳ್ಳೆಂದು ಬಿತ್ತು. ನೀರು ನಾಲ್ಕೂ ಕಡೆ ಹರಿಯಿತು.

"ಏಯ್! ಏನಿದು!" ಸಾಹೇಬರು ಕುರ್ಚಿ ಹಿಂದಕ್ಕೆ ಸರಿಸಿದರು. "ಇದು ಆಸ್ಪತ್ರೆಯದ್ದು! ಮುದ್ರೆ ಇದೆ, ಕಾಣಲ್ವಾ? ನಿನ್ನ ಮನೇಲಿ ಇದ್ದ ಮಾತ್ರಕ್ಕೆ ಇದು ನಿಂದಾಗುತ್ತಾ?"

ಬಾಗಿಲ ಹತ್ತಿರ ಒಬ್ಬ ವಕೀಲ ಮೀಸೆಯಡಿ ನಕ್ಕ. ಸಾಹೇಬರಿಗೆ ತಾವು ಏನು ಹೇಳಿದೆವು ಎನ್ನುವುದು ತಡವಾಗಿ ಕೇಳಿಸಿತು. ಅಮೀನರ ಕಡೆ ನೋಡಿದರು. ಅಮೀನರು ಚಾವಣಿ ನೋಡುತ್ತಿದ್ದರು.

"ಆಗಲ್ಲ ಸಾಹೇಬ್ರೇ," ಎಂದಳು ಸೋಪಕ್ಕ. "ಕುರ್ಚೀನೂ ಆಗಲ್ಲ. ಬಡವರ ವಸ್ತುವಿಗೆ ಮುದ್ರೆ ಹಾಕಿರಲ್ಲ, ಅಷ್ಟೇ. ನನ್ನದು ಅಂತ ಇರೋ ಒಂದೇ ಆಸ್ತಿ ಬರೀಬೇಕಿದ್ರೆ ಬರೀರಿ. ಆ ಆಸ್ಪತ್ರೆಯವರು ನನಗೆ ಇಪ್ಪತ್ತೈದು ತಿಂಗಳ ಬಿಲ್ಲು ಕೊಡ್ಬೇಕು. ಆ ಸಾಲಕ್ಕೆ ಯಾಕೆ ಯಾರೂ ಅವರ ಬಾಗಿಲಿಗೆ ನಮಸ್ಕಾರ ಹೇಳೋಕೆ ಹೋಗಲ್ಲ?"

"ಅದು ಬೇರೆ ಅರ್ಜಿ. ಬೇರೆ ಕಚೇರಿ." ಸಾಹೇಬರು ಫೈಲುಗಳನ್ನು ಒಂದೊಂದಾಗಿ ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಪಟ್ಟಿಯ ಮೇಲೆ ಸಿಟ್ಟಿನಿಂದ ಗೀಟು ಹೊಡೆದರು. "ಕುರ್ಚಿ, ಫ್ಯಾನು, ಲೋಟ ತೆಗೆದಿದ್ದೀನಿ. ಡ್ರಮ್ಮು ಇರುತ್ತೆ. ಅದು ಉಪಕರಣ ಅಲ್ಲ, ಶೋಕಿ. ನಿಮ್ಮ ಜನ ತಲೆತಲಾಂತರದಿಂದ ಕೈಯಲ್ಲೇ ಹಿಂಡ್ಕೊಂಡು ಬಂದಿಲ್ವಾ?"

ಸೋಪಕ್ಕ ತನ್ನ ಬಲಗೈಯನ್ನು ಮೇಲೆತ್ತಲಿಲ್ಲ, ಡಾಕ್ಟರ ಚೀಟಿ ತೋರಿಸಲಿಲ್ಲ. ತೋರಿಸಿದರೆ ಅದಕ್ಕೆ ಸ್ಟಾಂಪು ಕೇಳುತ್ತಾರೆ ಎಂದು ಗೊತ್ತಿತ್ತು. ಎರಡನೆಯ ಮೇಲ್ಹಾಸನ್ನೂ ಎಳೆದು ಮೊದಲನೆಯದರ ಮೇಲೆ ಹಾಕಿದಳು.

"ಕೈಯಲ್ಲಿ ಹಿಂಡಬಹುದು ಅಂದ್ರಲ್ಲ. ಹಿಂಡಿ."

"ತೆಗಿ ಇದನ್ನ!"

"ತೆಗೆಯಲ್ಲ."

ಸಾಹೇಬರು ಜವಾನನನ್ನು ಕೂಗಿದರು. ಅವನು ಬಂದು ನೋಡಿ, ಆಸ್ಪತ್ರೆಯ ಮುದ್ರೆ ಕಂಡು, "ಯಾರು ಏನು ಕಾಯಿಲೆ ಬಿದ್ದಿದ್ರೋ ಸಾರ್, ಮನೇಲಿ ಮಕ್ಕಳಿದ್ದಾರೆ" ಎಂದು ಹಿಂದೆ ಸರಿದ. "ತೊಳೆದಿರೋದು ಕಣಪ್ಪಾ," ಎಂದಳು ಸೋಪಕ್ಕ. "ನಿನ್ನ ಮಕ್ಕಳ ಅಂಗಿಗಿಂತ ಚೊಕ್ಕ." ಅವನು ಮುಟ್ಟಲಿಲ್ಲ. ಸಾಹೇಬರು ಅಮೀನರಿಗೆ ಹೇಳಿದರು, ಅಮೀನರಿಗೆ ಕರವಸ್ತ್ರ ಹುಡುಕುವ ಕೆಲಸ ಬಂತು. ಕೊನೆಗೆ ನಮಸ್ಕಾರದವನೇ ಸಿಕ್ಕಿದ. ಅವನು ತೋಳು ಮಡಚಿ, ಎರಡು ಬೆರಳಲ್ಲಿ ಹಿಡಿದು ಎತ್ತಿದ. ಏಳಲಿಲ್ಲ. ಎರಡೂ ಕೈ ಹಾಕಿ ಎಳೆದ. ಮೇಲ್ಹಾಸು ಜಾರಿ ಬಂದು ಅವನ ಎದೆಗೆ ಅಪ್ಪಳಿಸಿತು. ಬಿಳಿ ಅಂಗಿ ಮೈಗೆ ಅಂಟಿತು. ಹಿಂಡಲು ಹೋದ, ಎರಡು ಸುತ್ತು ತಿರುಚಿ ಮುಖ ಕೆಂಪಾಯಿತು, ಒಂದು ಚೊಂಬು ನೀರು ಕೂಡ ಇಳಿಯಲಿಲ್ಲ. ಕೈಬಿಟ್ಟ. ಅದು ಮತ್ತೆ ಮೇಜಿನ ಮೇಲೇ ಬಿತ್ತು.

"ಇಂಥವು ದಿನಕ್ಕೆ ಇನ್ನೂರ ನಲವತ್ತು," ಎಂದಳು ಸೋಪಕ್ಕ. ವಕೀಲರ ಕುರ್ಚಿ ಒಂದು ಖಾಲಿ ಇತ್ತು. ಎಳೆದುಕೊಂಡು ಕೂತಳು. ಯಾರೂ ಕೂರು ಎಂದಿರಲಿಲ್ಲ, ಅವಳೂ ಯಾರನ್ನೂ ಕೇಳಲಿಲ್ಲ. "ಡ್ರಮ್ಮು ಉಪಕರಣ ಅಂತ ಬರೀರಿ. ಆಮೇಲೆ ಏಳ್ತೀನಿ."

"ಹೊರಗೆ ಹೋಗು, ಆಮೇಲೆ ಬರೀತೀನಿ."

"ಆಸ್ಪತ್ರೆಯೋರೂ ಹೀಗೇ ಅಂದಿದ್ರು."

ಸಾಹೇಬರು ಪೊಲೀಸು ಅಂದರು, ಜೈಲು ಅಂದರು, ನ್ಯಾಯಾಲಯದ ಮರ್ಯಾದೆ ಅಂದರು. ಅವಳು ಹೂಂ ಹೂಂ ಎನ್ನುತ್ತ ಕೂತಳು. ಮೇಜಿನ ಅಂಚಿನಿಂದ ನೀರು ಅವರ ಬೂಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ತೊಡೆಯ ಮೇಲೆ ಒಂಬತ್ತು ಫೈಲು ಕೂತಿದ್ದವು, ಹತ್ತನೆಯದಕ್ಕೆ ಜಾಗವಿರಲಿಲ್ಲ. ಬಾಗಿಲಲ್ಲಿ ಜನ ಸೇರಿದರು. ಎಲ್ಲರೂ ದಿವಾಳಿಯ ಜನವೇ, ಬೆಳಿಗ್ಗೆಯಿಂದ ನಿಂತವರೇ. ಅವರಲ್ಲೊಬ್ಬ ಮುದುಕ, "ಬರೀರಿ ಸಾರ್, ನಮ್ಮ ಸರದಿಯೂ ಬರ್ಲಿ" ಎಂದ. ಇನ್ನೊಬ್ಬರು ದನಿಗೂಡಿಸಿದರು. ಸಾಹೇಬರು ಪೆನ್ನು ಹಿಡಿದರು. ಮೇಜಿನ ಮೇಲೆ ಒಣ ಜಾಗವಿಲ್ಲದೆ ತೊಡೆಯ ಮೇಲಿನ ಫೈಲನ್ನೇ ಆನಿಸಿಕೊಂಡು ಬರೆದರು.

ಕಾವಲಿನಣ್ಣ ಕಾಗದ ತೆಗೆದುಕೊಂಡು ಈ ಸಲ ಗಟ್ಟಿಯಾಗಿ ಓದಿದ. "ಹಿಂಡುವ ಯಂತ್ರವು ಅರ್ಜಿದಾರಳ ಕಸುಬಿನ ಉಪಕರಣ. ಮುದ್ರೆ ತೆಗೆಯತಕ್ಕದ್ದು. ಮುಂದಿನ ವಿಚಾರಣೆವರೆಗೆ ಯಾರೂ ಮುಟ್ಟತಕ್ಕದ್ದಲ್ಲ. ಮುಂದಿನ ವಿಚಾರಣೆ ಮೂರು ತಿಂಗಳ ನಂತರ."

"ಮೂರು ತಿಂಗಳಾದ್ಮೇಲೆ ಸಿಗೋಣ," ಎಂದ ನಮಸ್ಕಾರದವನು, ಅಂಗಿ ಬಿಡಿಸಿಕೊಳ್ಳುತ್ತ. ನಮಸ್ಕಾರ ಹೇಳಲು ಅವನಿಗೆ ಕೈ ಬಿಡುವಿರಲಿಲ್ಲ.

ಮೂರು ತಿಂಗಳೆಂದರೆ ಮೂರೇ ತಿಂಗಳು, ಸೋಪಕ್ಕನಿಗೆ ಗೊತ್ತಿತ್ತು. ಅಷ್ಟು ದಿನ ಕೈ ಉಳಿಯುತ್ತದೆ, ಬಡಗಿಯ ಕುರ್ಚಿ ಗಿರಾಕಿಯ ಮನೆ ಸೇರುತ್ತದೆ. ಅವಳು ಎದ್ದು, ಕಾಗದವನ್ನು ನಾಲ್ಕಾಗಿ ಮಡಚಿ ಒಳಗಿಟ್ಟುಕೊಂಡು, ಖಾಲಿ ಚೀಲವನ್ನು ಕೊಡವಿ, ಬಾಗಿಲ ಕಡೆ ನಡೆದಳು.

"ಏಯ್, ಈ ಬಟ್ಟೆ? ಇದನ್ನ ಯಾರು ಎತ್ತೋದು?"

ಸೋಪಕ್ಕ ಬಾಗಿಲಲ್ಲಿ ನಿಂತು ತಿರುಗಿದಳು.

"ಅದು ಆಸ್ಪತ್ರೆಯದ್ದು ಅಂತ ನೀವೇ ಅಂದ್ರಲ್ಲ ಸಾಹೇಬ್ರೇ. ನನ್ನ ತೊಟ್ಟೀಲಿ ಇನ್ನೂ ಇನ್ನೂರ ಮೂವತ್ತೆಂಟು ನೆನೀತಾ ಇದ್ದಾವೆ. ಇವತ್ತಿಂದ ಅವರೇ ಬಂದು ಹಿಂಡ್ಕೊಂಡು ಹೋಗ್ಲಿ."